ವೈರ್ ಕಿತ್ತು ಬಂದರೆ ಸುದ್ದಿಯೂ ನಿಲ್ಲಲಿ

ಸಂಪಾದಕರಿಗೆ ನಮಸ್ಕಾರ.

ತೀರ್ಥಹಳ್ಳಿಯಲ್ಲಿ 17 ವರ್ಷದಿಂದ ಮೊಬೈಲ್ ರಿಪೇರಿ ಅಂಗಡಿ ನಡೆಸುತ್ತಿದ್ದೇನೆ. ನಿಮ್ಮ ಪತ್ರಿಕೆಗೆ ಹಿಂದೆ ಎರಡು ಸಲ ಬರೆದಿದ್ದೆ. ಒಮ್ಮೆ ರಸ್ತೆ ಗುಂಡಿ ಬಗ್ಗೆ, ಇನ್ನೊಮ್ಮೆ ಮಳೆಗಾಲದ ಕರೆಂಟ್ ಬಗ್ಗೆ. ಎರಡನ್ನೂ ಅಚ್ಚು ಹಾಕಿದ್ದಿರಿ. ಗುಂಡಿ ಹಾಗೇ ಇದೆ, ಅದು ಬೇರೆ ಮಾತು. ಈ ಸಲದ ದೂರು ನಿಮ್ಮ ಪತ್ರಿಕೆಯ ಆ್ಯಪ್ ಮೇಲೆಯೇ ಇದೆ. ಹಾಕುತ್ತೀರೋ ಇಲ್ಲವೋ, ಬರೆಯುವುದಂತೂ ಬರೆದುಬಿಡುತ್ತೇನೆ.

ಪುಷ್ಯ ಮಳೆ ಹಿಡಿದಿತ್ತು. ಜುಲೈ ಕೊನೆಯ ವಾರ. ಡಿಸ್‌ಪ್ಲೇ, ಚಾರ್ಜಿಂಗ್ ಪಿನ್ ತರೋಣ ಅಂತ ಬೆಳಗಿನ ಬಸ್ಸಿಗೆ ಶಿವಮೊಗ್ಗಕ್ಕೆ ಹೊರಟಿದ್ದೆ. ಆ ದಾರಿಯ ತಿರುವುಗಳಲ್ಲಿ ಪೇಪರ್ ಬಿಡಿಸಿದರೆ ನನಗೆ ಹೊಟ್ಟೆ ತೊಳೆಸುತ್ತದೆ. ಅದಕ್ಕೇ ಸುದ್ದಿ ಓದಿ ಹೇಳುವ ಸೌಲಭ್ಯ ನಿಮ್ಮ ಆ್ಯಪ್‌ನಲ್ಲಿ ಬಂದಾಗ ನಮ್ಮ ಓಣಿಯಲ್ಲಿ ಮೊದಲು ಖುಷಿಪಟ್ಟವನು ನಾನೇ. ಇಯರ್‌ಫೋನ್ ಸಿಕ್ಕಿಸಿ, ಫೋನ್ ಲಾಕ್ ಮಾಡಿ, ಅಂಗಿ ಜೇಬಿಗೆ ಹಾಕಿ, ಮೇಲೆ ಸ್ವೆಟರ್, ಅದರ ಮೇಲೆ ರೇನ್‌ಕೋಟ್. ಆರಾಮಾಗಿ ಕೂತಿದ್ದೆ.

ಮಂಡಗದ್ದೆಯಲ್ಲಿ ಜನ ಹತ್ತಿದರು. ಕಂಡಕ್ಟರ್ ಟಿಕೆಟ್ ಕೊಡುತ್ತಾ ನನ್ನ ಪಕ್ಕದಲ್ಲೇ ತೂರಿಕೊಂಡು ಹೋದರು. ಅವರ ಚೀಲದ ಪಟ್ಟಿ ನನ್ನ ವೈರಿಗೆ ಸಿಕ್ಕಿಕೊಂಡಿತು. ಅವರು ಮುಂದೆ, ವೈರ್ ಅವರ ಹಿಂದೆ. ಪಿನ್ ಟಪ್ಪಂತ ಹೊರಗೆ ಬಂತು. ಸುದ್ದಿ ನಿಲ್ಲಲಿಲ್ಲ. ರೇನ್‌ಕೋಟಿನ ಒಳಗಿಂದ ದಿನ ಭವಿಷ್ಯ ಶುರುವಾಯಿತು, ಗಟ್ಟಿಯಾಗಿ. 'ಸಿಂಹ ರಾಶಿ. ಧನನಷ್ಟ. ಸಂಗಾತಿಯೊಂದಿಗೆ ಮನಸ್ತಾಪ.'

ಫೋನು ಇಯರ್‌ಫೋನಿನ ಸೌಂಡ್ ಬೇರೆ, ಸ್ಪೀಕರಿನ ಸೌಂಡ್ ಬೇರೆ ಅಂತ ನೆನಪಿಟ್ಟುಕೊಳ್ಳುತ್ತದೆ. ಹಿಂದಿನ ರಾತ್ರಿ ಅಂಗಡಿಯಲ್ಲಿ ಯಾರಿಗೋ ವಿಡಿಯೊ ತೋರಿಸಲು ಸ್ಪೀಕರ್ ಪೂರ್ತಿ ಏರಿಸಿದ್ದೆ, ಇಳಿಸಿರಲಿಲ್ಲ. ರೇನ್‌ಕೋಟಿನ ಗುಂಡಿ ಬಿಚ್ಚಿ, ಸ್ವೆಟರ್ ಎತ್ತಿ, ಫೋನ್ ಕೈಗೆ ಬರುವಷ್ಟರಲ್ಲಿ ಕನ್ಯಾ ರಾಶಿಯೂ ಮುಗಿದಿತ್ತು. ಹಿಂದಿನ ಸೀಟಿನ ಹಿರಿಯರೊಬ್ಬರು 'ಸ್ವಲ್ಪ ತಡೀರಿ ಮಾರಾಯ್ರೆ, ನಂದು ತುಲಾ' ಅಂದರು. ಬಸ್ಸೆಲ್ಲ ನಗು. ನಾನೂ ನಕ್ಕೆ.

ಇಷ್ಟೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ.

ಆಗಸ್ಟ್‌ನಲ್ಲಿ ಅಂಗಡಿಗೆ ಒಬ್ಬ ಅಕ್ಕ ಬಂದರು. ಫೋನ್ ಕೌಂಟರ್ ಮೇಲಿಟ್ಟು 'ಇದರ ಸ್ಪೀಕರ್ ತೆಗೆದುಬಿಡಿ' ಅಂದರು.

'ಹಾಳಾಗಿದೆಯಾ?'

'ಇಲ್ಲ, ಚೆನ್ನಾಗಿದೆ. ಅದೇ ತೊಂದರೆ.'

ಮೆಲ್ಲಗೆ ವಿಷಯ ಹೊರಬಂತು. ದಿನಾ ಕೆಲಸಕ್ಕೆ ಬಸ್ಸಿನಲ್ಲಿ ಓಡಾಡುವವರು. ಮುಟ್ಟು ನಿಲ್ಲುವ ಕಾಲದ ತೊಂದರೆಗಳ ಬಗ್ಗೆ ಡಾಕ್ಟರೊಬ್ಬರ ಮಾತನ್ನು ಬೇರೆ ಯಾವುದೋ ಆ್ಯಪ್‌ನಲ್ಲಿ ಕೇಳುತ್ತಾ ಕೂತಿದ್ದರಂತೆ. ಇಳಿಯುವವರ ಕೊಡೆಯ ಹಿಡಿ ವೈರನ್ನು ಎಳೆದುಕೊಂಡು ಹೋಯಿತು. ಡಾಕ್ಟರು ಇಡೀ ಬಸ್ಸಿಗೆ ಪಾಠ ಮಾಡಿದರು. ಸುತ್ತ ಇದ್ದವರೆಲ್ಲ ದಿನಾ ಮುಖ ನೋಡುವ ಜನ, ಹೈಸ್ಕೂಲ್ ಹುಡುಗರು ಬೇರೆ. ಆಮೇಲೆ ಒಂದು ವಾರ ಅವರು ಆ ಬಸ್ಸು ಬಿಟ್ಟು ಮುಂದಿನ ಬಸ್ಸಿಗೆ ಹೋದರಂತೆ.

ಅಂಥ ಮಾತು ಕೇಳುವುದರಲ್ಲಿ ನಾಚಿಕೆಯದ್ದೇನಿಲ್ಲ ಅಂತ ನಾನು ಹೇಳಬಹುದು, ನೀವೂ ಸಂಪಾದಕೀಯ ಬರೆಯಬಹುದು. ಆದರೆ ಯಾರ ಮುಂದೆ ಏನು ಕೇಳಬೇಕು ಅನ್ನೋದು ಅವರಿಗೆ ಬಿಟ್ಟದ್ದು, ಅಲ್ವಾ? ಕೊಡೆಯ ಹಿಡಿಗೆ ಬಿಟ್ಟದ್ದಲ್ಲ.

ಫೋನ್ ನೋಡಿದೆ. ಏನೂ ಆಗಿರಲಿಲ್ಲ. 'ಅಕ್ಕಾ, ತಪ್ಪು ಫೋನಿನದ್ದಲ್ಲ, ಆ್ಯಪಿನದ್ದು' ಅಂದೆ. ಅವರಿಗೆ ನಂಬಿಕೆ ಬರಲಿಲ್ಲ. ಯಾರಿಗೂ ಬರುವುದಿಲ್ಲ. ಸದ್ದು ಮಾಡಿದ್ದು ಫೋನು, ಹಾಗಾಗಿ ಫೋನೇ ಕೆಟ್ಟಿದೆ ಅಂತ ಹಿಡಿದುಕೊಂಡು ಬರುತ್ತಾರೆ. ಬೋರ್ಡ್ ಹೋಗಿದೆ ಅಂತ ಹೇಳಿ ದುಡ್ಡು ಇಸಿದುಕೊಳ್ಳುವವರು ನಮ್ಮ ಕಸುಬಿನಲ್ಲೂ ಇದ್ದಾರೆ, ಸುಳ್ಳೇಕೆ ಹೇಳಲಿ.

ನನ್ನ ಬಸ್ಸಿನ ಪ್ರಸಂಗ ಆದ ವಾರವೇ ನಿಮ್ಮ ಆ್ಯಪಿನ ಸಹಾಯ ವಿಭಾಗಕ್ಕೆ ಬರೆದಿದ್ದೆ. ಮರುದಿನವೇ ಉತ್ತರ ಬಂತು, ಅದಕ್ಕೆ ಮೆಚ್ಚಬೇಕು. 'ನಮ್ಮಲ್ಲಿ ಪರೀಕ್ಷೆ ಮಾಡಿದೆವು, ಪಿನ್ ತೆಗೆದರೆ ನಿಲ್ಲುತ್ತಿದೆ. ಆ್ಯಪ್ ಅಳಿಸಿ ಮತ್ತೆ ಹಾಕಿಕೊಳ್ಳಿ' ಅಂತ. ಎರಡು ಸಲ ಅಳಿಸಿ ಹಾಕಿಕೊಂಡೆ. ಏನೂ ಬದಲಾಗಲಿಲ್ಲ. ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ಸಿಟ್ಟು ಬಂದಿತ್ತು. ಅವರು ಸುಳ್ಳು ಹೇಳಿರಲಿಲ್ಲ, ಅದು ಆಮೇಲೆ ಗೊತ್ತಾಯಿತು.

ಗೌರಿ ಹಬ್ಬಕ್ಕೆ ತಂಗಿಯ ಮಗಳು ಬಂದಿದ್ದಳು. ಬೆಂಗಳೂರಿನಲ್ಲಿ ಆ್ಯಪ್ ಬರೆಯುವ ಕೆಲಸ ಅವಳದ್ದು. ನನ್ನ ಕಥೆ ಕೇಳಿ ಬಿದ್ದು ಬಿದ್ದು ನಕ್ಕಳು. ಆಮೇಲೆ 'ಮಾವ, ಇದು ಒಂದು ಸಾಲಿನ ಕೆಲಸ' ಅಂದಳು. ಅರಿಸಿನ ಎಲೆ ಕಡುಬು ತಿಂದು ಕೈ ತೊಳೆದು ಲ್ಯಾಪ್‌ಟಾಪ್ ತೆಗೆದಳು. ಅರ್ಧ ಗಂಟೆಯಲ್ಲಿ ಒಂದು ಪುಟ್ಟ ಆ್ಯಪ್ ಬರೆದು ನನ್ನ ಫೋನಿಗೆ ಹಾಕಿಕೊಟ್ಟಳು. ಅಂದ ಚಂದ ಏನಿಲ್ಲ. ಕಪ್ಪು ಪರದೆ, ಬಿಳಿ ಅಕ್ಷರ. ಹೆಡ್‌ಫೋನ್ ವಿಷಯದಲ್ಲಿ ಫೋನು ಒಳಗೊಳಗೇ ಏನೇನು ಹೇಳುತ್ತದೋ ಅದನ್ನೆಲ್ಲ ಸಾಲಾಗಿ ಬರೆಯುತ್ತದೆ, ಅಷ್ಟೇ.

ಪಿನ್ ಹಾಕಿದೆ. 'ಹೆಡ್‌ಸೆಟ್ ಪ್ಲಗ್: 1, ಮೈಕ್: 1' ಅಂತ ಬಂತು. ಮೈಕ್ ಇಲ್ಲದ ಹಳೆಯ ಹೆಡ್‌ಫೋನ್ ಹಾಕಿದರೆ ಮೈಕ್ ಜಾಗದಲ್ಲಿ 0. ಪಿನ್ ಕಿತ್ತೆ. ಆಗ ಎರಡು ಸಾಲು ಬಂದವು. ಮೊದಲು 'ಆಡಿಯೊ ಬಿಕಮಿಂಗ್ ನಾಯ್ಸಿ'. ಆಮೇಲೆ 'ಹೆಡ್‌ಸೆಟ್ ಪ್ಲಗ್: 0'.

ಆ ಮೊದಲ ಸಾಲು ನೋಡಿ ನನಗೆ ಪಾಪ ಅನ್ನಿಸಿತು. ಫೋನು ಕೂಗಿ ಹೇಳುತ್ತಿದೆ: ಹುಷಾರು, ಸದ್ದು ಈಗ ಹೊರಗೆ ಬರುತ್ತೆ, ಗಲಾಟೆಯಾಗುತ್ತೆ, ನಿಲ್ಲಿಸೋರು ನಿಲ್ಲಿಸಿ. ಹೇಳಿದ ಮೇಲೆ ಆ್ಯಪ್‌ಗಳಿಗೆ ಸುಧಾರಿಸಿಕೊಳ್ಳಲು ಒಂದು ಗಳಿಗೆ ಬಿಡುವೂ ಕೊಡುತ್ತದೆ. ಆಂಡ್ರಾಯ್ಡ್ 1.5 ಬಂದ 2009ರಿಂದಲೇ ಈ ಕೂಗು ಇದೆಯಂತೆ. ಆಗ ನಾನಿನ್ನೂ ಕೀಪ್ಯಾಡ್ ಫೋನುಗಳ ರಬ್ಬರ್ ಬದಲಿಸುತ್ತಿದ್ದೆ. ಅಷ್ಟು ಹಳೆಯ ಕೂಗಿಗೆ ಕಿವಿಗೊಡದೆ ಇದ್ದರೆ ಅದು ಫೋನಿನ ತಪ್ಪಾ?

ಐಫೋನಿನಲ್ಲೂ ಇಂಥದ್ದೇ ವ್ಯವಸ್ಥೆ ಇದೆ, ಹೆಸರು ಬೇರೆ. ಸದ್ದಿನ ದಾರಿ ಬದಲಾಯಿತು, ಹಳೆಯ ಸಾಧನ ಇಲ್ಲವಾಯಿತು ಅಂತ ಆ್ಯಪ್‌ಗೆ ತಿಳಿಸುತ್ತದೆ. ಆಗ ನಿಲ್ಲಿಸಬೇಕು ಅಂತ ಕಂಪನಿಯೇ ಆ್ಯಪ್ ಬರೆಯುವವರಿಗೆ ಹೇಳಿದೆ.

ಹಾಗಾದರೆ ನಿಮ್ಮವರಿಗೆ ನಿಂತದ್ದು ನನಗೆ ಯಾಕೆ ನಿಲ್ಲಲಿಲ್ಲ? ಅಂಗಡಿಯಲ್ಲಿದ್ದ ನಾಲ್ಕು ಫೋನಿಗೆ ನಿಮ್ಮ ಆ್ಯಪ್ ಹಾಕಿ ಇಬ್ಬರೂ ಕೂತೆವು. ಸ್ಕ್ರೀನ್ ಆನ್ ಇಟ್ಟು, ನಿಮ್ಮ ಆ್ಯಪ್ ಕಣ್ಣೆದುರು ಇರುವಾಗ ಪಿನ್ ಕಿತ್ತೆವು. ನಾಲ್ಕರಲ್ಲೂ ನಿಂತಿತು! ಫೋನ್ ಲಾಕ್ ಮಾಡಿ ಕಿತ್ತೆವು. ನಾಲ್ಕರಲ್ಲೂ ನಿಲ್ಲಲಿಲ್ಲ. ಲಾಕ್ ತೆಗೆದು ಬೇರೆ ಆ್ಯಪ್‌ಗೆ ಹೋಗಿ ಕಿತ್ತೆವು. ಆಗಲೂ ನಿಲ್ಲಲಿಲ್ಲ.

ಸೋದರ ಸೊಸೆ ತಲೆ ಆಡಿಸಿದಳು. ನಿಮ್ಮ ಆ್ಯಪಿನ ಹೊಟ್ಟೆಯೊಳಗೆ ಏನಿದೆ ಅಂತ ಅವಳು ನೋಡಿಲ್ಲ. ಆದರೆ ಹೀಗಾಗುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ ಅಂತೆ. ಆ ಕೂಗನ್ನು ಕೇಳಿಸಿಕೊಳ್ಳುವ ಕೆಲಸವನ್ನು ಸ್ಕ್ರೀನಿಗೆ ಒಪ್ಪಿಸಿರುತ್ತಾರೆ. ಸ್ಕ್ರೀನ್ ಮರೆಯಾದ ಕೂಡಲೇ ಕಿವಿಯೂ ಮುಚ್ಚುತ್ತದೆ. ಸುದ್ದಿ ಓದುವ ಭಾಗ ಮಾತ್ರ ಹಿಂದೆ ತನ್ನ ಪಾಡಿಗೆ ಓದುತ್ತಿರುತ್ತದೆ. ನಮ್ಮ ಮನೆಯ ಹಾಗೆ ಅನ್ನಿ: ಚಾವಡಿಯಲ್ಲಿ ಕೂತವರು ಬಾಗಿಲು ಬಡಿದದ್ದನ್ನು ಕೇಳಿಸಿಕೊಳ್ಳುತ್ತಾರೆ, ಅವರು ಎದ್ದು ಮಲಗಲು ಹೋದರೆ ಒಳಗೆ ರೇಡಿಯೊ ಹಾಕಿಕೊಂಡು ದೋಸೆ ಹುಯ್ಯುವವರಿಗೆ ಏನೂ ಗೊತ್ತಾಗುವುದಿಲ್ಲ. ಬಾಗಿಲ ಸದ್ದು ಅಡುಗೆ ಮನೆಗೇ ಕೇಳಬೇಕು. ಅಂದರೆ ಸುದ್ದಿ ಓದುವ ಭಾಗವೇ ಆ ಕೂಗನ್ನೂ ಕೇಳಬೇಕು.

ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಎಕ್ಸೋಪ್ಲೇಯರ್ ಅನ್ನೋ ಸಿದ್ಧ ಪ್ಲೇಯರನ್ನು ಬಳಸುವವರು ಬಹಳ ಮಂದಿ. ಅದರಲ್ಲಿ ಇದಕ್ಕೇ ಅಂತ ಒಂದು ಸ್ವಿಚ್ ಇದೆ, 'ಸೆಟ್ ಹ್ಯಾಂಡಲ್ ಆಡಿಯೊ ಬಿಕಮಿಂಗ್ ನಾಯ್ಸಿ'. ಮೊದಲಿಗೆ ಅದು ಆಫ್ ಇರುತ್ತದೆ. ಆನ್ ಅಂತ ಬರೆದರೆ ಮುಗಿಯಿತು. ಅವಳು ಹೇಳಿದ ಒಂದು ಸಾಲು ಇದೇ.

ನಿಮ್ಮವರು ಮೇಜಿನ ಮೇಲೆ ಫೋನ್ ಇಟ್ಟು, ಸ್ಕ್ರೀನ್ ನೋಡುತ್ತಾ ಪಿನ್ ಕಿತ್ತಿದ್ದಾರೆ. ನಾವು ಜೇಬಿನಲ್ಲಿ ಇಟ್ಟುಕೊಂಡು ಕೇಳುತ್ತೇವೆ. ಸ್ಕ್ರೀನ್ ನೋಡುತ್ತಾ ಕೂರುವ ಹಾಗಿದ್ದರೆ ಓದಿಯೇ ಬಿಡುತ್ತಿದ್ದೆವಲ್ಲ?

ಅವಳು ಇನ್ನೊಂದು ಪೇಚನ್ನೂ ಹೇಳಿದಳು. ಕೆಲವರು ಆ ಗಲಾಟೆಯ ಕೂಗನ್ನು ಬಿಟ್ಟು 'ಹೆಡ್‌ಸೆಟ್ ಪ್ಲಗ್' ಅನ್ನೋದನ್ನಷ್ಟೇ ನಂಬುತ್ತಾರಂತೆ. ಅದು ಗೋಡೆಗೆ ಅಂಟಿಸಿದ ಚೀಟಿಯ ಹಾಗೆ. ಆ್ಯಪ್ ಬಂದು ಕಿವಿಗೊಟ್ಟ ಕೂಡಲೇ ಹಳೆಯ ಸ್ಥಿತಿಯನ್ನೇ ಮತ್ತೊಮ್ಮೆ ಓದಿ ಹೇಳುತ್ತದೆ. ಪಿನ್ ಹಾಕದೆ ತೆರೆದರೆ, ಯಾರೂ ಏನೂ ಕಿತ್ತಿರದಿದ್ದರೂ 0 ಬರುತ್ತದೆ. ಇದು ಗೊತ್ತಿಲ್ಲದೆ ಬರೆದ ಆ್ಯಪ್ ಹಾಗೆ ತೆರೆದಾಗಲೆಲ್ಲ ಸುಮ್ನೆ ನಿಂತುಬಿಡುತ್ತದೆ. ಅದೂ ಅಲ್ಲದೆ ಅದು ಬಳಕೆದಾರ ಇಯರ್‌ಫೋನ್ ಕಿತ್ತನಾ ಅನ್ನೋದನ್ನು ಹೇಳುವುದಿಲ್ಲ. ಜಾಕ್‌ನಲ್ಲಿ, ಅಂದರೆ ಪಿನ್ ಸಿಕ್ಕಿಸುವ ತೂತಿನಲ್ಲಿ, ಏನಾಯಿತು ಅನ್ನೋದನ್ನು ಹೇಳುತ್ತದೆ. ಇವೆರಡೂ ಒಂದೇ ಅಲ್ಲ. ಮಲೆನಾಡಿನಲ್ಲಂತೂ ಅಲ್ಲವೇ ಅಲ್ಲ. ಇದು ನನ್ನ ಕಸುಬಿನ ವಿಷಯ, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಪಿನ್ 3.5 ಮಿಲಿಮೀಟರ್ ದಪ್ಪ. ಮೇಲೆ ಮೂರು ಕಪ್ಪು ಗೆರೆ ಇದ್ದರೆ ಅದರಲ್ಲಿ ನಾಲ್ಕು ಭಾಗ: ಎಡಗಿವಿ, ಬಲಗಿವಿ, ಗ್ರೌಂಡ್, ಮೈಕ್. ಜಾಕಿನ ಒಳಗೆ ಒಂದೊಂದಕ್ಕೂ ತಾಗುವ ಪುಟ್ಟ ತಗಡಿನ ಎಲೆಗಳು. ಅವುಗಳ ಜೊತೆ ಇನ್ನೂ ಒಂದು ಎಲೆ. ಅದಕ್ಕೆ ಹಾಡೂ ಇಲ್ಲ, ಮಾತೂ ಇಲ್ಲ. ಪಿನ್ ಬಂತಾ, ಹೋಯಿತಾ ಅಂತ ಹೇಳುವುದಷ್ಟೇ ಅದರ ಕೆಲಸ. ಕೆಲವು ಫೋನಿನಲ್ಲಿ ಪಿನ್ ಬಂದಾಗ ಅದು ಪಿನ್ನಿಗೆ ತಾಗುತ್ತದೆ, ಕೆಲವು ಫೋನಿನಲ್ಲಿ ಪಕ್ಕದ ಎಲೆಯಿಂದ ಬಿಟ್ಟುಕೊಳ್ಳುತ್ತದೆ. ಹೇಗೇ ಇರಲಿ, ಉಗುರಿನ ತುದಿಗಿಂತ ಚಿಕ್ಕ ಎಲೆ. ಇಡೀ ಫೋನು ಅದರ ಮಾತು ನಂಬಿಕೊಂಡಿದೆ.

ಇಲ್ಲಿ ಆರಿದ್ರಾ ಹಿಡಿದರೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಆ ಎಲೆ ಒಣಗುತ್ತದಾ? ತೇವದ ಜೊತೆ ಅಂಗಿ ಜೇಬಿನ ನೂಲು, ಅಡಿಕೆ ಚೂರು, ಒಣಗಿದ ಸುಣ್ಣ. ಜಾಕ್‌ನಿಂದ ತೆಗೆದ ಕಸ ನೋಡಿ ಆ ಮನುಷ್ಯ ಎಲೆಯಡಿಕೆ ಹಾಕುತ್ತಾನಾ ಇಲ್ಲವಾ ಹೇಳಿಬಿಡುತ್ತೇನೆ. ಇವೆಲ್ಲ ಸೇರಿದರೆ ಪಿನ್ ಇಲ್ಲದೆಯೇ ಫೋನು 'ಇದೆ' ಅನ್ನುತ್ತದೆ. ಮೇಲೆ ಹೆಡ್‌ಫೋನಿನ ಚಿತ್ರ ಬರುತ್ತದೆ, ಸ್ಪೀಕರ್ ಬಾಯಿ ಮುಚ್ಚುತ್ತದೆ. ಆಗ ಫೋನನ್ನು ತಂದು ಬಚ್ಚಲೊಲೆಯ ಪಕ್ಕ ಇಡುತ್ತಾರೆ. ದಯವಿಟ್ಟು ಇಡಬೇಡಿ. ಒಮ್ಮೆ ಹಿಂದಿನ ಮುಚ್ಚಳ ಹಪ್ಪಳದ ಹಾಗೆ ಸೊಟ್ಟಗಾಗಿದ್ದ ಫೋನ್ ನನ್ನ ಹತ್ತಿರ ಬಂದಿತ್ತು.

ಇನ್ನೂ ಒಂದು ಮಜಾ ಇದೆ. ಇಯರ್‌ಫೋನ್ ವೈರಿನಲ್ಲಿರುವ ಪ್ಲೇ ಬಟನ್ ಒತ್ತಿದರೆ ಮೈಕ್ ವೈರು ನೇರ ಗ್ರೌಂಡಿಗೆ ಸೇರುತ್ತದೆ. ಆಂಡ್ರಾಯ್ಡ್‌ನಲ್ಲಿ ಸೌಂಡ್ ಏರಿಸುವ ಬಟನ್‌ಗೆ 240 ಓಂ ತಡೆ (ರೆಸಿಸ್ಟೆನ್ಸ್), ಇಳಿಸುವುದಕ್ಕೆ 470 ಓಂ. ಆ ಲೆಕ್ಕದಲ್ಲೇ ಯಾವ ಬಟನ್ ಅಂತ ಫೋನು ಗುರುತು ಹಿಡಿಯುವುದು. ವೈರ್ ನೆನೆದರೆ ನೀರೇ ಬಟನ್ ಒತ್ತುತ್ತದೆ. ಬಿಡದೆ ಒತ್ತಿ ಹಿಡಿದ ಹಾಗೆ ಆದರೆ, ಮಾತಾಡುವ ಸಹಾಯಕಿ ತಾನಾಗಿ ಎದ್ದು 'ಏನು ಬೇಕು' ಅಂತ ಕೇಳುತ್ತಾಳೆ. ನಡುರಾತ್ರಿ ಹೀಗಾಯಿತು ಅಂತ ಒಬ್ಬರು ಹೆದರಿಕೊಂಡು ಬಂದಿದ್ದರು. 'ಫೋನಿಗೆ ಗಾಳಿ ಸೋಕಿದೆಯಾ ಮಾರಾಯ್ರೆ?' ಸೋಕಿದ್ದು ಗಾಳಿಯಲ್ಲ, ನೀರು. ಸ್ಪಿರಿಟ್ ಹಾಕಿ ಒರೆಸಿ 50 ರೂಪಾಯಿ ತಗೊಂಡೆ.

ಸೊಸೆಯ ಆ್ಯಪ್ ಹಾಕಿ ಅಂಥ ತೇವದ ಜಾಕಿನ ಫೋನೊಂದನ್ನು ಕೌಂಟರ್ ಮೇಲೆ ಬಿಟ್ಟಿದ್ದೆವು. ಪಿನ್ ಇಲ್ಲ, ಯಾರೂ ಮುಟ್ಟಿಲ್ಲ. ಪರದೆ ಮೇಲೆ 1, 0, 1, 0, 1. ಅವಳು ಬಾಯಿ ಬಿಟ್ಟುಕೊಂಡು ನೋಡಿದಳು. ಬೆಂಗಳೂರಿನ ಆಫೀಸಿನಲ್ಲಿ ಇದನ್ನು ನೋಡೇ ಇರಲಿಲ್ಲವಂತೆ. ಅದರ ವಿಡಿಯೊ ಮಾಡಿಕೊಂಡು ಹೋಗಿದ್ದಾಳೆ.

ಹಾಗಾಗಿ ನಿಮ್ಮವರಿಗೆ ಒಂದು ಮಾತು. ಪಿನ್ ಕಿತ್ತರೆ ನಿಲ್ಲಿಸಿ, ಸರಿ. ಪಿನ್ ಮತ್ತೆ ಬಂತು ಅಂತ ತಾನಾಗಿ ಶುರು ಮಾಡಬೇಡಿ. ಜನ ಬೆರಳಿನಿಂದ ಒತ್ತಲಿ. ಇಲ್ಲದಿದ್ದರೆ ಮಳೆಗಾಲದಲ್ಲಿ ನಿಮ್ಮ ಸುದ್ದಿವಾಚಕಿಗೆ ಬಿಕ್ಕಳಿಕೆ ಬಂದ ಹಾಗಾಗುತ್ತದೆ.

ಪಿನ್ ಒಳಗಿದೆ ಅಂದ ಮಾತ್ರಕ್ಕೆ ಅದರ ಇನ್ನೊಂದು ತುದಿಯಲ್ಲಿ ಕಿವಿ ಇದೆ ಅಂತಲೂ ಅಲ್ಲ. ನನ್ನ ಹೆಂಡತಿಯ ತವರು ಭದ್ರಾವತಿ ಹತ್ತಿರ. ಅಡಿಕೆ ಸುಲಿಯುವ ದಿನಗಳಲ್ಲಿ ಅಲ್ಲಿ ಹತ್ತು ಜನ ಕೂತು ಸುಲಿಯುತ್ತಾರೆ, ಮಧ್ಯದಲ್ಲಿ ಫೋನಿನ ಎಫ್‌ಎಂ. ಆಕಾಶವಾಣಿ ಭದ್ರಾವತಿ. ಫೋನಿನ ಎಫ್‌ಎಂಗೆ ಇಯರ್‌ಫೋನ್ ವೈರೇ ಏರಿಯಲ್. ಕೆಟ್ಟುಹೋದ ಇಯರ್‌ಫೋನ್ ಒಂದನ್ನು ಸಿಕ್ಕಿಸಿ, ವೈರನ್ನು ಕಂಬದ ಮೊಳೆಗೆ ನೇತುಹಾಕಿ, ಸದ್ದನ್ನು ಸ್ಪೀಕರಿಗೆ ತಿರುಗಿಸಿಕೊಳ್ಳುತ್ತಾರೆ. ಹಾಗೆ ತಿರುಗಿಸಲು ಒಂದು ಬಟನ್ ಇರುವುದರಿಂದ ಅವರ ಕೆಲಸ ನಡೆಯುತ್ತಿದೆ. ನಿಮ್ಮ ಆ್ಯಪ್‌ನಲ್ಲೂ ಅಂಥದ್ದೊಂದು ಬಟನ್ ಇಟ್ಟರೆ ತೇವದ ಜಾಕಿನವರಿಗೂ ಉಪಕಾರವಾಗುತ್ತದೆ.

'ಈಗೆಲ್ಲ ಬ್ಲೂಟೂತ್ ಅಲ್ವಾ, ವೈರ್ ಯಾರು ಹಾಕ್ತಾರೆ' ಅಂತ ನಿಮ್ಮ ಆಫೀಸಿನಲ್ಲಿ ಯಾರಾದರೂ ಅನ್ನಬಹುದು. 2016ರಲ್ಲಿ ಐಫೋನ್ 7 ಜಾಕನ್ನೇ ತೆಗೆದುಹಾಕಿತು, ಗೊತ್ತು. ನನ್ನ ಅಂಗಡಿಯಲ್ಲಿ ಈಗಲೂ ಜಾಸ್ತಿ ಹೋಗುವುದು 100-150 ರೂಪಾಯಿಯ ವೈರ್ ಇಯರ್‌ಫೋನೇ. ಮಳೆಗಾಲದಲ್ಲಿ ಕರೆಂಟ್ ಎರಡು ದಿನ ಇಲ್ಲ ಅಂದರೆ ಚಾರ್ಜ್ ಬೇಡದ್ದೇ ಲೇಸು. ಬ್ಲೂಟೂತಿನವರಿಗೂ ಇದೇ ಕಥೆ. ನೆಕ್‌ಬ್ಯಾಂಡ್ ಚಾರ್ಜ್ ಮುಗಿದು ಸತ್ತರೆ ಸದ್ದು ಸ್ಪೀಕರಿಗೆ ಬರುತ್ತದೆ. ಅದಕ್ಕೂ ಫೋನು ಅದೇ ಕೂಗು ಹಾಕುತ್ತದೆ. ಆ ಕೂಗು ಕೇಳಿಸಿಕೊಳ್ಳಲು ಯಾರ ಅನುಮತಿಯೂ ಬೇಡ. 2021ರ ಆಂಡ್ರಾಯ್ಡ್ 12ರಿಂದ ಬ್ಲೂಟೂತ್ ಸಾಧನಗಳ ಜೊತೆ ನೇರ ವ್ಯವಹರಿಸುವ ಆ್ಯಪ್‌ಗಳು 'ಹತ್ತಿರದ ಸಾಧನಗಳು' ಅಂತ ಒಂದು ಅನುಮತಿ ಕೇಳಬೇಕಾಗಿದೆ. ಬರೀ ಸುದ್ದಿ ನಿಲ್ಲಿಸುವುದಕ್ಕೆ ಅದರ ಅಗತ್ಯ ಇಲ್ಲ. ನಾಳೆ ನೀವು ಇದನ್ನು ಸರಿಮಾಡುತ್ತೇವೆ ಅಂತ ಹೊಸ ಅನುಮತಿ ಕೇಳಿದರೆ ನನಗೆ ಅನುಮಾನ ಬರುತ್ತದೆ, ಈಗಲೇ ಹೇಳಿದ್ದೇನೆ.

ಬಸ್ಸಿನ ಇನ್ನೊಂದು ವಿಷಯ. ಹೈಕೋರ್ಟ್ ಆದೇಶ ಬಂದ ಮೇಲೆ 2021ರ ನವೆಂಬರ್‌ನಲ್ಲಿ ಕೆಎಸ್‌ಆರ್‌ಟಿಸಿಯವರು ಬಸ್ಸಿನಲ್ಲಿ ಮೊಬೈಲ್ ಜೋರಾಗಿ ಹಾಕುವುದನ್ನು ನಿಷೇಧಿಸಿದ್ದಾರೆ. ಹೇಳಿದರೂ ಕೇಳದವರನ್ನು ಇಳಿಸಿಬಿಡಬಹುದು. ಒಳ್ಳೆಯ ನಿಯಮ. ಇಯರ್‌ಫೋನ್ ಹಾಕಿಕೊಂಡು ನಿಯಮ ಪಾಲಿಸಿದವನನ್ನೇ ನಿಮ್ಮ ಆ್ಯಪ್ ತಪ್ಪಿತಸ್ಥನನ್ನಾಗಿ ಮಾಡುತ್ತದೆ. ಅದೂ ಕಂಡಕ್ಟರ್ ಚೀಲ ಸಿಕ್ಕಿಕೊಂಡ ತಪ್ಪಿಗೆ!

ನಿಮ್ಮವರು ಪರೀಕ್ಷೆ ಮಾಡುವಾಗ ಹೀಗೆ ಮಾಡಲಿ. ಫೋನ್ ಲಾಕ್ ಮಾಡಿ, ಜೇಬಿಗೆ ಹಾಕಿ, ಒಂದು ಸ್ವೆಟರ್ ತೊಟ್ಟುಕೊಂಡು, ಯಾರನ್ನಾದರೂ ಕರೆದು ವೈರ್ ಎಳೆಯಲು ಹೇಳಲಿ. ಸರಿ ಮಾಡುವವರೆಗೆ 'ಕೇಳಿ' ಬಟನ್ ಕೆಳಗೆ ಒಂದು ಸಾಲು ಬರೆದಿಡಿ, ಮೊದಲು ನಿಲ್ಲಿಸಿ ಆಮೇಲೆ ಪಿನ್ ತೆಗೆಯಿರಿ ಅಂತ. ಜೊತೆಗೆ ದಿನ ಭವಿಷ್ಯವನ್ನು ಕೊನೆಗೆ ಹಾಕಿ, ಅದು ನನ್ನ ಸ್ವಂತ ಕೋರಿಕೆ.

ಆ ಅಕ್ಕನ ಸ್ಪೀಕರ್ ನಾನು ತೆಗೆಯಲಿಲ್ಲ. ತೆಗೆದರೆ ರಿಂಗ್ ಕೇಳುವುದಿಲ್ಲ ಅಂತ ಒಪ್ಪಿಸಿದೆ. ಸ್ಪೇರ್ ಡಬ್ಬಿಯಲ್ಲಿದ್ದ ದಪ್ಪ ರಬ್ಬರ್ ಬ್ಯಾಂಡ್ ಒಂದನ್ನು ಕೊಟ್ಟೆ. ಪಿನ್ ಹಾಕಿದ ಮೇಲೆ ವೈರನ್ನು ಒಂದು ಸುತ್ತು ಬಗ್ಗಿಸಿ ಫೋನಿಗೆ ಸೇರಿಸಿ ಆ ಬ್ಯಾಂಡ್ ಹಾಕಿಕೊಳ್ಳುತ್ತಾರೆ. ಮೊನ್ನೆ ರೀಚಾರ್ಜ್‌ಗೆ ಬಂದಿದ್ದರು. ಬ್ಯಾಂಡ್ ಸಡಿಲಾಗಿತ್ತು, ಇನ್ನೊಂದು ಕೊಟ್ಟು ಕಳಿಸಿದ್ದೇನೆ.

ಇತಿ,
ನಿಮ್ಮ ಹಳೆಯ ಓದುಗ, ಹೊಸ ಕೇಳುಗ
ಮೊಬೈಲ್ ರಿಪೇರಿ ಅಂಗಡಿಯವನು, ತೀರ್ಥಹಳ್ಳಿ